ರೆವರೆಂಡ್ ಮರ್ಡೊ ಅವರ ಕೈಗಳು

ಲಂಡನ್ನಿನಿಂದ ಗದಗಕ್ಕೆ ಮರಳಿದ ಮೇಲೆ ಬೆಳಗಿನ ವಾಕಿಂಗ್ ಗೆಳೆಯರು ನನ್ನನ್ನು ಸುತ್ತುಗಟ್ಟಿ ಕೇಳಿದ್ದು ಒಂದೇ ಪ್ರಶ್ನೆ: "ಏನೇನ್ ನೋಡಿದ್ರಿ ಸರ?" ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ, ನದಿಯ ಮೇಲಿನ ಸೇತುವೆ ಬಾಯಿ ತೆರೆಯುವುದನ್ನು ನೋಡಿದಿರಾ ಎಂದು. ಅವನ್ನೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಆದರೆ ನಿಜ ಹೇಳಬೇಕೆಂದರೆ ಆ ಊರಿನಲ್ಲಿ ನಾನು ಹೆಚ್ಚು ಮಾಡಿದ ಕೆಲಸ ಕೂತದ್ದು. ಸಟನ್ ಎಂಬ ಬಡಾವಣೆಯ ಒಂದು ಗ್ಯಾರೇಜಿನಲ್ಲಿ, ಎತ್ತರದ ಬೆನ್ನಿನ ಕುರ್ಚಿಯ ಮೇಲೆ, ಬೇರೊಬ್ಬರ ಕರಿ ಗೌನು ತೊಟ್ಟು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂತದ್ದು. ನೌಕರಿಯುದ್ದಕ್ಕೂ ಹೈಸ್ಕೂಲು ಮಕ್ಕಳನ್ನು ಬಿಸಿಲಿನಲ್ಲಿ ಓಡಿಸಿದ ದೈಹಿಕ ಶಿಕ್ಷಕ ನಾನು. ಕೂತವರನ್ನು ಕಂಡರೆ ಸೀಟಿ ಊದುವುದೇ ನನ್ನ ಅಭ್ಯಾಸ. ಅಂಥವನು ಹೀಗೆ ಕೂತದ್ದು ಹೇಗೆ ಎಂಬುದೇ ಈ ಪ್ರವಾಸದ ಕಥೆ.

ಸಟನ್

ಶೈಲಾ ನನ್ನ ಅಕ್ಕನ ಮಗಳು. ಧಾರವಾಡದಲ್ಲಿ ಚಿತ್ರಕಲೆ ಕಲಿತು, ಡಾಕ್ಟರ್ ಗಂಡನ ಜೊತೆ ಲಂಡನ್ನಿಗೆ ಬಂದವಳು ಈಗ ಅಲ್ಲಿ ಜನರ ಭಾವಚಿತ್ರ ಬರೆಯುವುದರಲ್ಲಿ ಹೆಸರು ಮಾಡಿದ್ದಾಳೆ. ಮನೆಯ ಗ್ಯಾರೇಜೇ ಅವಳ ಚಿತ್ರಶಾಲೆ. ಆ ಬೀದಿಯಲ್ಲಿ ಯಾರೂ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವುದಿಲ್ಲ. ಕಾರು ಮಳೆಯಲ್ಲಿ ನೆನೆಯುತ್ತಿರುತ್ತದೆ, ಒಳಗೆ ಹಳೆಯ ಸೋಫಾ ಬೆಚ್ಚಗಿರುತ್ತದೆ.

ನಾನು ಹೋದ ಮರುದಿನವೇ ಶೈಲಾ ಗ್ಯಾರೇಜಿನ ಬಾಗಿಲು ತೆರೆದು ತೋರಿಸಿದಳು. ಸುಮಾರು ನನ್ನಷ್ಟೇ ಎತ್ತರದ ಕ್ಯಾನ್ವಾಸು. ಅದರಲ್ಲಿ ವಯಸ್ಸಾದ ಬಿಳಿಯರೊಬ್ಬರ ಮುಖ. ಪೊದೆಯಂಥ ಬಿಳಿ ಹುಬ್ಬು, ಉದ್ದ ಮೂಗು. ತಡವಾಗಿ ಬಂದ ಶಿಕ್ಷಕರನ್ನು ನಮ್ಮ ಹೆಡ್‌ಮಾಸ್ತರರು ನೋಡುತ್ತಿದ್ದರಲ್ಲ, ಅಂಥ ನೋಟ. ಆದರೆ ತುಟಿಯ ಒಂದು ತುದಿಯಲ್ಲಿ ನಗು ಬಚ್ಚಿಟ್ಟುಕೊಂಡಿತ್ತು. ಕೊರಳಿನ ಕೆಳಗೆ ಮಾತ್ರ ಏನೂ ಇಲ್ಲ, ಬರೀ ಇದ್ದಿಲಿನ ಗೆರೆ.

"ಇವರು ಯಾರವಾ?"

"ರೆವರೆಂಡ್ ಮರ್ಡೊ ಅಂತ, ಮಾಮಾ. ಮೂಲ ಸ್ಕಾಟ್ಲೆಂಡ್‌ನವರು. ಪ್ರೆಸ್ಬಿಟೀರಿಯನ್ ಚರ್ಚಿನಾಗ ಭಾಳ ದೊಡ್ಡ ಮನಷ್ಯಾ."

"ಬಿಷಪ್ಪರೇನ?"

"ಅವರ ಮುಂದ ಹಂಗ ಅಂದೀರಿ ಮತ್ತ! ಇವರೊಳಗ ಬಿಷಪ್ಪರ ಇಲ್ಲ. ಹಿರೇರೆಲ್ಲಾ ಕೂಡಿ ಕೂತು ತೀರ್ಮಾನ ಮಾಡ್ತಾರ."

ಕಿರೀಟವಿಲ್ಲ, ಸಿಂಹಾಸನವಿಲ್ಲ. ಆದರೂ ಈ ಮನುಷ್ಯನ ಮಾತಿಗೆ ತೂಕವಿತ್ತು ಎಂದು ಶೈಲಾ ಹೇಳಿದಳು. ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದ ಚರ್ಚಿನ ಪಂಗಡಗಳನ್ನು ಒಂದೇ ಮೇಜಿಗೆ ತಂದು ಕೂಡಿಸಿದವರು. ಯುದ್ಧ ನಡೆಯುವ ದೇಶಗಳಿಂದ ಓಡಿಬಂದವರಿಗೆ ಮಲಗಲು ಚರ್ಚಿನ ಸಭಾಂಗಣಗಳನ್ನು ತೆರೆಸಿದವರು. ಮಂತ್ರಿಗಳ ಮುಂದೆ ನಿಂತು ಬೇಡ ಎಂದು ಹೇಳಬಲ್ಲವರು. ಹೊಸ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ ಬಹಳ ಕಾಲ ಪಾಠ ಹೇಳಿದ್ದರು. ಅದೇ ಕಾಲೇಜಿನ ಸಭಾಂಗಣದಲ್ಲಿ ತೂಗುಹಾಕಲು ಈ ಚಿತ್ರ.

"ಮತ್ತ ಅರ್ಧಕ್ಕ ಯಾಕ ನಿಂತೈತಿ?"

ಶೈಲಾ ಬ್ರಷ್ ಒರೆಸಿ ಡಬ್ಬಿಯಲ್ಲಿಟ್ಟಳು. "ಅವರಿಗೆ ಪಾರ್ಕಿನ್‌ಸನ್ ಐತಿ ಮಾಮಾ. ಕೈ ನಡಗತಾವ. ಮಾರಿ ಬರಿಯೂತನಕ ಹೆಂಗೋ ಕೂತ್ರು. ಆಮ್ಯಾಲೆ ಭಾಳ ತ್ರಾಸ ಆತು. ಅವರ ಹೆಂಡತಿ ಮೊರಾಗ್ ನನ್ನ ಅಡಗಿಮನಿಗೆ ಕರಕೊಂಡ್ಹೋಗಿ, 'ಆ ಕೈ ಮೊದಲ ಹೆಂಗ ಇದ್ವು ಹಂಗ ಬರೀವಾ' ಅಂದ್ರು. ಈಗ ನನಗ ಬೇರೆ ಯಾರರ ಕೂಡ್ರಬೇಕು." ನನ್ನನ್ನು ಮೇಲಿಂದ ಕೆಳಗೆ ಅಳೆದಳು. "ನಿಮ್ಮ ಎತ್ತರ, ನಿಮ್ಮ ಹೆಗಲು ಎಲ್ಲಾ ಅವರಂಗ ಐತಿ. ಬಣ್ಣ ಒಂದ ನಾ ನೋಡ್ಕೋತೀನಿ."

ಗೋಡೆಯ ಮೊಳೆಯಲ್ಲಿ ರೆವರೆಂಡರ ಕರಿ ಗೌನು ತೂಗುತ್ತಿತ್ತು. ಕೊರಳಿಗೆ ಕಟ್ಟಿಕೊಳ್ಳಲು ಎರಡು ಬಿಳಿ ಪಟ್ಟಿ, ನಮ್ಮ ಕೋರ್ಟಿನ ವಕೀಲರು ಕಟ್ಟಿಕೊಳ್ಳುವಂಥವು. ತೊಡುವ ಮುಂಚೆ ನನಗೊಂದು ಅಳುಕು.

"ಕೊರಳಾಗ ಲಿಂಗ ಐತಲ್ಲವಾ. ಅದರ ಮ್ಯಾಲ ಇದನ್ನ ಹಾಕ್ಕೋಬೇಕೇನ?"

"ಅದು ಒಳಗಿರತೈತಿ, ಇದು ಹೊರಗ. ಇಬ್ಬರೂ ಜಗಳಾಡಂಗಿಲ್ಲ ಬಿಡ್ರಿ."

ಹಾಗೆ ಕೂತೆ. ದಿನವೂ ಬೆಳಗಿನ ಹೊತ್ತು, ಬೆಳಕು ಸರಿಯಾಗಿರುವಷ್ಟು ಕಾಲ. ಮೂಗು ತುರಿಸಿದರೂ ಅಲುಗುವಂತಿಲ್ಲ. ಮೊದಲ ದಿನವೇ ಹಣೆಯ ವಿಭೂತಿ ಉದುರಿ ಗೌನಿನ ಎದೆಯ ಮೇಲೆ ಬಿತ್ತು. ಶೈಲಾ ಒದ್ದೆ ಬಟ್ಟೆ ತಂದು ಒರೆಸಿದಳು. ಮಾರನೆಯ ದಿನದಿಂದ ಕೂತು ಎದ್ದ ಮೇಲೆ ವಿಭೂತಿ ಹಚ್ಚಿಕೊಳ್ಳುವುದೆಂದು ತೀರ್ಮಾನವಾಯಿತು.

ಒಂದು ಬೆಳಿಗ್ಗೆ ಶೈಲಾ ಫೋನಿನಲ್ಲಿದ್ದಾಗ ಕರೆಗಂಟೆ ಸದ್ದು ಮಾಡಿತು. ಊರಿನ ಅಭ್ಯಾಸ, ಎದ್ದು ಹೋಗಿ ಬಾಗಿಲು ತೆರೆದೆ. ಪಾರ್ಸೆಲ್ ತಂದ ಗಡ್ಡದ ತರುಣ ನನ್ನನ್ನು ನೋಡಿ ಟೊಪ್ಪಿಗೆ ತೆಗೆದ. "ಫಾದರ್," ಎಂದ. ನಾನಲ್ಲ ಎನ್ನುವಷ್ಟರಲ್ಲಿ, ಅವನ ತಾಯಿಗೆ ಅದೇ ದಿನ ಆಪರೇಷನ್ ಎಂದೂ, ಅವಳಿಗಾಗಿ ಪ್ರಾರ್ಥನೆ ಮಾಡಬೇಕೆಂದೂ ಕೇಳಿಬಿಟ್ಟ. ಅವನ ಕಣ್ಣು ತುಂಬಿತ್ತು. ಅಂಥವನಿಗೆ ನಾನು ಗದಗದ ಪಿ.ಟಿ. ಮಾಸ್ತರ ಎಂದು ಹೇಗೆ ಹೇಳಲಿ? ಅವನ ತಲೆಯ ಮೇಲೆ ಕೈಯಿಟ್ಟು, "ನಿಮ್ಮವ್ವಗ ಒಳ್ಳೇದಾಗ್ಲಿ ತಮ್ಮಾ," ಎಂದೆ. ಕನ್ನಡದಲ್ಲೇ ಬಂತು. ಲ್ಯಾಟಿನ್ ಎಂದುಕೊಂಡನೋ ಏನೋ, ಕಣ್ಣೊರೆಸಿಕೊಂಡು ಹೋದ. ಅವತ್ತೆಲ್ಲ ಕಾಣದ ಆ ತಾಯಿಯ ಚಿಂತೆ ನನ್ನನ್ನು ಬಿಡಲಿಲ್ಲ.

ಕೈಗಳು ಮುಗಿದ ದಿನ ಶೈಲಾ ನನ್ನನ್ನು ಕ್ಯಾನ್ವಾಸಿನ ಮುಂದೆ ನಿಲ್ಲಿಸಿದಳು. ಬಣ್ಣ ಬೆಳ್ಳಗಿತ್ತು ನಿಜ. ಆದರೆ ವಾಲಿಬಾಲಿನಲ್ಲಿ ಮುರಿದು ಸೊಟ್ಟಗೆ ಕೂಡಿದ ಕಿರುಬೆರಳು ನನ್ನದೇ. "ನಾ ಬರದ ಕೈಯೊಳಗ ಇವ ಭಾಳ ಛಲೋ ಬಂದಾವ," ಎಂದಳು. ನನಗೂ ಹೆಮ್ಮೆಯಾಯಿತು.

ಅಕ್ಸ್‌ಬ್ರಿಡ್ಜ್

ಇಲ್ಲಿಗೆ ನಾನು ಹೋಗಬೇಕಾಗಿರಲಿಲ್ಲ.

ರೆವರೆಂಡರು ವಾಸವಿರುವುದು ಪಿನ್ನರ್‌ನಲ್ಲಿ, ಲಂಡನ್ನಿನ ಇನ್ನೊಂದು ಮೂಲೆ. ಆ ಭಾನುವಾರ ಒಂದು ಮಗುವಿನ ನಾಮಕರಣ ಮಾಡಿಸಲು ಅವರಿಗೆ ಗೌನು ಬೇಕಿತ್ತು. ಶೈಲಾಗೆ ಜ್ವರ. ನಾನೇ ಒಯ್ಯುತ್ತೇನೆಂದು ಚೀಲದಲ್ಲಿಟ್ಟುಕೊಂಡು ಹೊರಟೆ. ರೈಲು ಹತ್ತಿ, ಇಳಿದು, ಟ್ಯೂಬ್ ಎಂಬ ನೆಲದಡಿಯ ರೈಲು ಹತ್ತಿ, ನಕಾಶೆಯ ಬಣ್ಣದ ಗೆರೆ ನೋಡಿಕೊಂಡೇ ಹೋದೆ. ಆ ಗೆರೆ ಹ್ಯಾರೋ ಎಂಬಲ್ಲಿ ಕವಲೊಡೆಯುತ್ತದೆ ಎಂಬುದನ್ನು ಗಮನಿಸಲಿಲ್ಲ. ಡಬ್ಬಿಯಲ್ಲಿದ್ದವರನ್ನು ಕೇಳೋಣವೆಂದರೆ ಎಲ್ಲರೂ ಫೋನು ನೋಡುತ್ತಿದ್ದರು. ನಮ್ಮ ಹುಬ್ಬಳ್ಳಿ ಪ್ಯಾಸೆಂಜರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ಊರು, ಮಕ್ಕಳು, ಸಕ್ಕರೆ ಕಾಯಿಲೆ ಎಲ್ಲದರ ವಿಚಾರಣೆ ಮುಗಿದು, ಇಳಿಯಬೇಕಾದಲ್ಲಿ ನಾಲ್ಕು ಜನ ಸೇರಿ ಇಳಿಸುತ್ತಿದ್ದರು. ಇಲ್ಲಿ ಕೊನೆಯ ನಿಲ್ದಾಣದವರೆಗೂ ಮರ್ಯಾದೆಯಿಂದ ಸುಮ್ಮನೆ ಕರೆದೊಯ್ದರು. ಇಳಿದು ನೋಡಿದರೆ ಅಕ್ಸ್‌ಬ್ರಿಡ್ಜ್.

ಶೈಲಾಗೆ ಫೋನು ಹಚ್ಚಿ, ನಮ್ಮ ಮೈದಾನದ ದನಿಯಲ್ಲಿ, "ಅಕ್ಸ್‌ಬ್ರಿಡ್ಜ್ ಅಂತ ಬರದೈತವಾ!" ಎಂದು ಕೂಗುತ್ತಿದ್ದೆ. ಕೊರಳಲ್ಲಿ ಆಫೀಸಿನ ಕಾರ್ಡು ತೂಗಿಸಿಕೊಂಡಿದ್ದ ಹೆಣ್ಣುಮಗಳೊಬ್ಬಳು ನಿಂತಳು.

"ಸಾರ್, ಕನ್ನಡದವ್ರಾ? ಎಲ್ಲಿಗ್ ಹೋಗ್ಬೇಕಿತ್ತು?"

"ಪಿನ್ನರ್‌ಗೆ ಹೋಗಬೇಕಿತ್ರಿ."

"ಅಯ್ಯೋ, ಲೈನ್ ಸ್ಪ್ಲಿಟ್ ಆಗತ್ತೆ ಸಾರ್. ಬಂದ ಹೊಸದ್ರಲ್ಲಿ ನಾನೂ ಹೀಗೇ ಉಲ್ಟಾ ಹೋಗಿದ್ದೆ, ಅತ್ತೇಬಿಟ್ಟಿದ್ದೆ. ಬನ್ನಿ."

ಬೆಂಗಳೂರಿನ ಬಸವನಗುಡಿಯವಳಂತೆ. ತನ್ನ ಕೆಲಸ ಬಿಟ್ಟು ನನ್ನನ್ನು ರೈಲಿನವರೆಗೆ ಕರೆತಂದು, ಎಲ್ಲಿ ಇಳಿದು ಯಾವುದು ಹತ್ತಬೇಕೆಂದು ಬಿಡಿಸಿ ಹೇಳಿ, ನನ್ನ ಬಾಯಿಂದ ಹೇಳಿಸಿದಳು. ಕೊನೆಗೆ, "ಬ್ಯಾಗಲ್ಲಿ ಏನ್ ಸಾರ್, ಅಷ್ಟು ಗಟ್ಟಿಯಾಗಿ ತಬ್ಕೊಂಡಿದೀರ?" ಎಂದಳು.

"ಪಾದ್ರಿಯವರ ಗೌನರಿ."

ನನ್ನ ಹಣೆಯ ವಿಭೂತಿ ನೋಡಿದಳು, ಚೀಲ ನೋಡಿದಳು, ಮತ್ತೇನೂ ಕೇಳಲಿಲ್ಲ. ಅಷ್ಟರ ಮಟ್ಟಿಗೆ ಅವಳೂ ಲಂಡನ್ನಿನವಳಾಗಿದ್ದಳು.

ಪಿನ್ನರ್

ಶಾಂತವಾದ ಬೀದಿ. ಮನೆಗಳ ಮುಂದಿನ ಬೇಲಿಗಿಡಗಳನ್ನು ಕ್ಷೌರ ಮಾಡಿದಂತೆ ಕತ್ತರಿಸಿದ್ದರು. ಬಾಗಿಲು ತೆರೆದವರು ಮೊರಾಗ್. ಗಿಡ್ಡ ದೇಹ, ತೋಳು ಮಡಿಚಿದ ಸ್ವೆಟರ್, ಚುರುಕು ಕಣ್ಣು. ನಾನು ದಾರಿ ತಪ್ಪಿದ್ದನ್ನು ಹೇಳಿ ಕ್ಷಮೆ ಕೇಳಿದಾಗ, "ಅಕ್ಸ್‌ಬ್ರಿಡ್ಜ್ ಎಲ್ಲರಿಗೂ ಒಮ್ಮೆ ಆಗುತ್ತದೆ. ನಿಮಗೆ ಬೇಗ ಆಗಿಹೋಯಿತು," ಎಂದು ಒಳಗೆ ಕರೆದು, ಚಹಾಕ್ಕೆ ನೀರಿಡಲು ಹೋದರು.

ಆಗ ಪಕ್ಕದ ಕೋಣೆಯ ಬಾಗಿಲಲ್ಲಿ ರೆವರೆಂಡರು ಕಾಣಿಸಿಕೊಂಡರು. ಚಿತ್ರದ ಅದೇ ಮುಖ, ಅದೇ ಹುಬ್ಬು. ಆದರೆ ಹೊಸ್ತಿಲ ಬಳಿ ಬಂದವರು ಅಲ್ಲೇ ನಿಂತುಬಿಟ್ಟರು. ಪಾದ ನೆಲಕ್ಕೆ ಅಂಟಿದಂತೆ. ಮೈ ಮುಂದೆ ಬಾಗುತ್ತಿದೆ, ಕಾಲು ಬರುತ್ತಿಲ್ಲ.

"ಒಂದು ನಿಮಿಷ," ಎಂದರು ನಿಧಾನವಾಗಿ. "ಬಾಗಿಲು ಕಂಡರೆ ನನ್ನ ಕಾಲಿಗೆ ಏನೋ ಅನುಮಾನ."

ನಾನು ಯೋಚಿಸಲಿಲ್ಲ. ಎದ್ದು ನಿಂತು ಶಾಲೆಯ ದನಿಯಲ್ಲಿ, "ಎಡ! ಬಲ! ಎಡ! ಬಲ!" ಎಂದೆ. ಅವರ ಎಡಗಾಲು ಎದ್ದಿತು. ಬಲಗಾಲು ಹಿಂಬಾಲಿಸಿತು. ನನ್ನ ಲೆಕ್ಕಕ್ಕೆ ಹೆಜ್ಜೆ ಹಾಕುತ್ತ ಬಂದು ಕುರ್ಚಿಯಲ್ಲಿ ಕೂತು, ಎದೆ ಕುಲುಕಿಸಿ ನಕ್ಕರು.

"ಯಾವ ಭಾಷೆ ಅದು?"

"ಕನ್ನಡ, ಸರ್. ಎಡ ಎಂದರೆ ಲೆಫ್ಟ್."

"ನನ್ನ ಫಿಸಿಯೋ ಹುಡುಗಿಯೂ ಹೀಗೆ ಎಣಿಸುತ್ತಾಳೆ. ಆದರೆ ಅವಳ ದನಿಗೆ ನನ್ನ ಕಾಲು ಹೆದರುವುದಿಲ್ಲ."

ಆಮೇಲೆ ನಮ್ಮಿಬ್ಬರಿಗೂ ಮಾತು ಹತ್ತಿತು. ಪಾರ್ಸೆಲ್ ತಂದ ತರುಣನ ವಿಷಯ ಅಂಜುತ್ತಲೇ ಹೇಳಿದೆ. ಅವರ ಗೌನು ತೊಟ್ಟು ಹಾಗೆ ಮಾಡಿದ್ದು ತಪ್ಪಾಯಿತೇನೋ ಎಂದು. ಅವರು ಹುಬ್ಬು ಕೆಳಗಿಳಿಸಿ ಗಂಭೀರವಾಗಿ ಕೇಳಿದರು:

"ಅವನ ತಾಯಿಗೆ ಒಳ್ಳೆಯದಾಗಲಿ ಎಂದು ನಿಮಗೆ ನಿಜವಾಗಿ ಅನ್ನಿಸಿತೇ?"

"ಅನ್ನಿಸಿತು."

"ಹಾಗಾದರೆ ನನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದೀರಿ. ಎಷ್ಟೋ ಭಾನುವಾರ ನನಗೇ ಅಷ್ಟು ಅನ್ನಿಸಿಲ್ಲ."

ಆ ಮಾತಿನಿಂದ ನನ್ನ ಎದೆ ಹಗುರಾಯಿತು. ನಾಲಗೆಯೂ ಹಗುರಾಯಿತು ಎಂಬುದೇ ತೊಂದರೆ. ಚಿತ್ರ ಹೇಗೆ ಬಂದಿದೆ ಎಂದು ಅವರು ಕೇಳಿದಾಗ ಉತ್ಸಾಹದಿಂದ, "ಬಹಳ ಚೆನ್ನಾಗಿದೆ ಸರ್. ಹೆಗಲು ನನ್ನದು, ಮೊಣಕಾಲು ನನ್ನದು, ಕೈಗಳೂ ನನ್ನವೇ," ಎಂದುಬಿಟ್ಟೆ.

ಚಹಾ ಕೊಟ್ಟು ಹೋಗಿ ಬಿಸ್ಕತ್ತಿನ ತಟ್ಟೆ ಹಿಡಿದು ಬರುತ್ತಿದ್ದ ಮೊರಾಗ್ ನಿಂತರು. ಗೌನಿಗಾಗಿ ಯಾರೋ ಕೂತಿದ್ದಾರೆಂದು ರೆವರೆಂಡರಿಗೆ ಗೊತ್ತಿತ್ತು. ಕೈಗಳ ವಿಷಯ ಗೊತ್ತಿರಲಿಲ್ಲ.

"ಮೊರಾಗ್, ಇದು ನೀನು ಹೇಳಿದ್ದೇ?"

"ನಾನೇ."

ರೆವರೆಂಡರು ನನ್ನ ಕೈಗಳನ್ನು ಹಿಡಿದು, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ನಡುಕ ನನ್ನ ಮೊಣಕೈವರೆಗೆ ಹತ್ತಿತು. "ಒಳ್ಳೆಯ ಕೈಗಳು. ಆದರೆ ನನ್ನವಲ್ಲ," ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಸುಳ್ಳು ಹೇಳಬೇಡಿ ಎಂದು ಆ ಕಾಲೇಜಿನ ಹುಡುಗರಿಗೆ ಜೀವಮಾನವೆಲ್ಲ ಹೇಳಿದ್ದೇನೆ. ಈಗ ಅವರ ಗೋಡೆಯ ಮೇಲೆ ಇನ್ನೊಬ್ಬರ ಕೈ ಇಟ್ಟುಕೊಂಡು ಕೂರಲೇ?"

"ಅದು ಸುಳ್ಳಲ್ಲ, ಮರ್ಡೊ. ನೆನಪು." ಮೊರಾಗ್ ಅವರ ದನಿ ಸಣ್ಣಗಾಯಿತು. "ಎದ್ದಾಗಿನಿಂದ ಮಲಗುವವರೆಗೆ ಅವು ನಡುಗುವುದನ್ನು ನೋಡುತ್ತೇನೆ. ಒಂದು ಕಡೆಯಾದರೂ ಸುಮ್ಮನಿರಲಿ ಅನ್ನಿಸಿತು. ಅಷ್ಟೇ."

ತಟ್ಟೆಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದರು. ನಲ್ಲಿಯ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಇಷ್ಟೆಲ್ಲ ಆದದ್ದು ನನ್ನ ಒಂದು ಮಾತಿನಿಂದ. ಎದ್ದು ಹೋಗೋಣವೆಂದರೆ ಕಪ್ಪಿನಲ್ಲಿ ಚಹಾ ಹಾಗೇ ಇದೆ. ರೆವರೆಂಡರು ಬಾಗಿಲ ಕಡೆ ನೋಡುತ್ತಿದ್ದರು. ಅವರ ಬಲಗೈ ಕುರ್ಚಿಯ ತೋಳಿಗೆ ಬಡಿದು ಸದ್ದು ಮಾಡುತ್ತಿತ್ತು.

ಮೊರಾಗ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಗಂಡನ ಮುಖ ನೋಡಲಿಲ್ಲ. ಪಕ್ಕದಲ್ಲಿ ಕೂತು, ನಡುಗುವ ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ಮೆಲ್ಲಗೆ ಅದು ಸುಮ್ಮನಾಯಿತು. ಜಗಳ ಮುಗಿದಿರಲಿಲ್ಲ. ಆದರೆ ಜಗಳ ಮುಗಿಯುವವರೆಗೆ ಕೈ ಹಿಡಿಯದೆ ಕಾಯುವ ಅಭ್ಯಾಸ ಅವರಿಗಿರಲಿಲ್ಲ. ನಮ್ಮಲ್ಲಿ ಮೊಮ್ಮಕ್ಕಳಾದ ಮೇಲೂ ಗಂಡ ಹೆಂಡತಿ ಬೇರೆಯವರ ಮುಂದೆ ಕೈ ಹಿಡಿಯುವುದಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಆರಿದ ಚಹಾ ಕುಡಿದೆ.

ಮತ್ತೆ ಸಟನ್

"ಮಾಮಾ! ಹೇಳೇಬಿಟ್ರೇನ?" ಶೈಲಾ ಹೊದಿಕೆಯಿಂದ ಎದ್ದು ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳ ಇಕ್ಕಟ್ಟು ನನಗೆ ಅರ್ಥವಾಗುತ್ತಿತ್ತು. ಚಿತ್ರದ ಕೈಗಳನ್ನು ಕೆರೆದು ತೆಗೆದರೆ ಮೊರಾಗ್ ಅವರಿಗೆ ಕೊಟ್ಟ ಮಾತು ಹೋಯಿತು. ಹಾಗೇ ಬಿಟ್ಟರೆ ಚಿತ್ರದಲ್ಲಿ ಕೂತವರಿಗೇ ಅದು ಬೇಡ. ಕಾಲೇಜಿನಲ್ಲಿ ಚಿತ್ರದ ಅನಾವರಣಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಜ್ವರ ಇಳಿದ ಕೂಡಲೇ ಶೈಲಾ ಇಬ್ಬರನ್ನೂ ಮನೆಗೆ ಕರೆದಳು.

ರೆವರೆಂಡರು ಕ್ಯಾನ್ವಾಸಿನ ಮುಂದೆ ಬಹಳ ಹೊತ್ತು ನಿಂತರು. "ನನ್ನ ಮುಖವನ್ನು ನನಗಿಂತ ಚೆನ್ನಾಗಿ ಬಲ್ಲಿರಿ," ಎಂದರು ಶೈಲಾಗೆ. "ಕೈಗಳ ಪರಿಚಯ ಮಾತ್ರ ನನಗೆ ಇತ್ತೀಚೆಗಷ್ಟೇ ಆಯಿತು." ನನ್ನ ಕಡೆ ನೋಡಿ ತಲೆಯಾಡಿಸಿದರು. ಮೊರಾಗ್ ನೋಡುತ್ತಿದ್ದುದು ಚಿತ್ರದ ಕೈಗಳನ್ನೇ. ಬಹಳ ದಿನಗಳ ಮೇಲೆ ಸಿಕ್ಕ ಪರಿಚಯದವರನ್ನು ನೋಡುವಂತೆ ನೋಡುತ್ತಿದ್ದರು. ನನಗೆ ಆ ನೋಟವನ್ನು ನೋಡಲಾಗಲಿಲ್ಲ.

"ಒಮ್ಮೆ ಪ್ರಯತ್ನಿಸುತ್ತೇನೆ," ಎಂದು ರೆವರೆಂಡರು ಕುರ್ಚಿಯಲ್ಲಿ ಕೂತರು. ಶೈಲಾ ಕಾಗದ, ಇದ್ದಿಲು ತೆಗೆದಳು. ಅವರು ಕೈಗಳನ್ನು ತೊಡೆಗೆ ಒತ್ತಿ ಹಿಡಿದರು. ಒತ್ತಿದಷ್ಟೂ ನಡುಕ ಹೆಚ್ಚಾಯಿತು. ಹಣೆಯ ಮೇಲೆ ಬೆವರು ಬಂತು. ದೊಡ್ಡ ದೊಡ್ಡ ಸಭೆಗಳನ್ನು ಒಂದು ಮಾತಿಗೆ ಸುಮ್ಮನಾಗಿಸಿದ ಮನುಷ್ಯ ತನ್ನ ಹತ್ತು ಬೆರಳಿನ ಮುಂದೆ ಸೋಲುತ್ತಿದ್ದರು. ಶೈಲಾಳ ಇದ್ದಿಲು ನಿಂತಿತು.

ಮೊರಾಗ್ ಬಣ್ಣದ ಡಬ್ಬಿಗಳ ನಡುವೆ ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತು, ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಅಲ್ಲೇ ಇರ್ರಿ! ಅಲ್ಲಾಡಬ್ಯಾಡ್ರಿ!" ಶೈಲಾ ಕಿರುಚಿದಳು, ಅಚ್ಚ ಧಾರವಾಡದ ಕನ್ನಡದಲ್ಲಿ. ಅರ್ಥವಾಗದಿದ್ದರೂ ಇಬ್ಬರೂ ಕಲ್ಲಾದರು.

ಇದ್ದಿಲು ಸರಸರನೆ ಓಡತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಮೊರಾಗ್, ತುಟಿ ಮಾತ್ರ ಅಲುಗಿಸಿ, "ನಾನು ಈ ಚಿತ್ರದಲ್ಲಿ ಇಲ್ಲ, ಮಗಳೇ," ಎಂದರು.

"ಇಷ್ಟು ವರ್ಷ ಮತ್ತೆಲ್ಲಿದ್ದೆ?" ಎಂದರು ರೆವರೆಂಡರು.

ಮೊರಾಗ್ ಅವರ ಕಿವಿ ಕೆಂಪಾಯಿತು.

ಅವರು ಹೋದ ಮೇಲೆ ಶೈಲಾ ಚಪ್ಪಟೆ ಚಾಕು ತೆಗೆದುಕೊಂಡು ಚಿತ್ರದ ಕೈಗಳನ್ನು ಕೆರೆಯತೊಡಗಿದಳು. ನನ್ನ ಸೊಟ್ಟ ಕಿರುಬೆರಳು ಬಣ್ಣದ ಮುದ್ದೆಯಾಗಿ ಹಳೆಯ ಬಟ್ಟೆಯಲ್ಲಿ ಒರೆಸಿಹೋಯಿತು.

"ಬ್ಯಾಸರಾತೇನ ಮಾಮಾ?"

"ಸ್ವಲ್ಪ," ಎಂದೆ. ನಿಜವಾಗಿ ಆಗಿದ್ದದ್ದು ಅದಕ್ಕಿಂತ ಹೆಚ್ಚು. ಆದರೆ ಅವಳು ಕೆರೆಯುತ್ತಿದ್ದುದು ತಾನು ಬರೆದವುಗಳಲ್ಲೆಲ್ಲ ಒಳ್ಳೆಯ ಕೈಗಳನ್ನು. ಅವಳಿಗೆ ಎಷ್ಟಾಗಿತ್ತೋ.

ಕಾಲೇಜಿನ ಸಭಾಂಗಣ

ಚಿತ್ರ ಬರೆಸುತ್ತಿದ್ದ ಕಾಲೇಜು ಸಮಿತಿಯ ಕಾರ್ಯದರ್ಶಿ ಅದರ ಫೋಟೊ ನೋಡಿ ಶೈಲಾಗೆ ಫೋನು ಮಾಡಿದರು. ಬಹಳ ವಿನಯದ ಮನುಷ್ಯ. ಚಿತ್ರ ಅದ್ಭುತವಾಗಿದೆ ಎಂದು ನಾಲ್ಕು ಸಲ ಹೇಳಿ, ಐದನೆಯ ಸಲ, ಆ ಎರಡನೆಯವರ ಕೈಯನ್ನು ಗೌನಿನ ತೋಳಿನಿಂದ ಮುಚ್ಚಲಾಗುವುದೇ ಎಂದು ಕೇಳಿದರು. ಇಂಗ್ಲಿಷರ 'ಬೇಡ' ಬರುವುದು ಹೀಗೆ, ಹೊಗಳಿಕೆಯ ಹಿಂದೆ ಅಡಗಿಕೊಂಡು. ಶೈಲಾ ಏನು ಹೇಳಿದಳೋ ಗೊತ್ತಿಲ್ಲ. ರೆವರೆಂಡರು ಹೇಳಿದ್ದು ಮೊರಾಗ್ ಮೂಲಕ ನಮಗೆ ಗೊತ್ತಾಯಿತು: "ನೀವು ಕೇಳಿದ್ದು ನನ್ನ ಚಿತ್ರ. ನಾನು ಇರುವುದು ಹೀಗೆ. ನಿಮ್ಮ ಗೋಡೆಯಲ್ಲಿ ಜಾಗವಿಲ್ಲದಿದ್ದರೆ ಪಿನ್ನರ್‌ನಲ್ಲಿ ನಮ್ಮ ಮೆಟ್ಟಿಲ ಬಳಿ ಒಂದು ಮೊಳೆ ಖಾಲಿ ಇದೆ." ಕಾರ್ಯದರ್ಶಿ ಮತ್ತೆ ಫೋನು ಮಾಡಲಿಲ್ಲ.

ಅನಾವರಣದ ಸಂಜೆ ನಾನು ಕೋಟು ಹಾಕಿ, ವಿಭೂತಿ ಹಚ್ಚಿ, ಶೈಲಾಳ ಜೊತೆ ಹೋದೆ. ಉದ್ದನೆಯ ಸಭಾಂಗಣ. ಎರಡೂ ಗೋಡೆಗಳ ತುಂಬ ಹಿಂದಿನ ಕಾಲದ ಪಾದ್ರಿಗಳು, ಗಡ್ಡದವರು, ಗಡ್ಡವಿಲ್ಲದವರು, ಎಲ್ಲರೂ ಕರಿ ಗೌನಿನಲ್ಲಿ ಒಬ್ಬೊಬ್ಬರೇ. ಕೆಲವರ ಕೈಯಲ್ಲಿ ಪುಸ್ತಕವಿತ್ತು. ಯಾರ ಪಕ್ಕದಲ್ಲೂ ಯಾರೂ ಇರಲಿಲ್ಲ. ನಮ್ಮಲ್ಲಾಗಿದ್ದರೆ ಮಾಲೆ, ಶಾಲು, ಹತ್ತು ಜನರ ಭಾಷಣ. ಇಲ್ಲಿ ಒಂದು ಪ್ರಾರ್ಥನೆ, ನಾಲ್ಕು ಮಾತು, ಒಣ ಕೇಕು.

ಪರದೆ ಸರಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊರಳು ಚಾಚಿ ನೋಡಿದರು. ದೊಡ್ಡ ಮನುಷ್ಯ, ಗಂಭೀರ ಮುಖ, ಕರಿ ಗೌನು. ಚೌಕಟ್ಟಿನ ಅಂಚಿನಿಂದ ಒಳಗೆ ಬಂದ ಒಂದು ಮುದಿ ಹೆಂಗಸಿನ ಕೈ, ಮೊಣಕೈವರೆಗೆ ಮಡಿಚಿದ ಸ್ವೆಟರಿನ ತೋಳಿನೊಂದಿಗೆ, ಅವರ ಕೈಯ ಮೇಲೆ. ಮುಂದಿನ ಸಾಲಿನಲ್ಲಿದ್ದ ವೃದ್ಧೆಯೊಬ್ಬರು, "ಓ, ಮೊರಾಗ್," ಎಂದರು. ಆಮೇಲೆ ಚಪ್ಪಾಳೆ ಬಂತು. ಕಾರ್ಯದರ್ಶಿಯೂ ತಟ್ಟಿದರು.

ಫೋಟೊ ತೆಗೆಯುವಾಗ ರೆವರೆಂಡರು ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಫೋಟೊಗ್ರಾಫರ್ ಹೆಸರು ಬರೆದುಕೊಳ್ಳುತ್ತ, ಇವರು ಯಾರು ಎಂದು ಕೇಳಿದ.

"ಕೊರಳಿನಿಂದ ಕೆಳಗೆ ಇವರೇ ನಾನು," ಎಂದರು ರೆವರೆಂಡರು.

ಜನ ಕರಗಿದ ಮೇಲೆ ಶೈಲಾ ರೆವರೆಂಡರನ್ನು ಕಾರಿಗೆ ಹತ್ತಿಸಲು ಕರೆದೊಯ್ದಳು. ಮೊರಾಗ್ ಕಾಣಲಿಲ್ಲ. ಕರೆಯಲು ನಾನು ಸಭಾಂಗಣಕ್ಕೆ ಮರಳಿದೆ. ಅವರು ಕೈಚೀಲ ಹಿಡಿದು ಒಬ್ಬರೇ ಚಿತ್ರದ ಮುಂದೆ ನಿಂತಿದ್ದರು.

"ಈ ಬಣ್ಣ ಎಷ್ಟು ಕಾಲ ಇರುತ್ತದೆ ಎಂದು ಶೈಲಾಳನ್ನು ಕೇಳಿದೆ," ಎಂದರು ತಿರುಗದೆ. "ಬಿಸಿಲು, ತೇವ ತಾಗದಂತೆ ನೋಡಿಕೊಂಡರೆ ನೂರಾರು ವರ್ಷ ಎಂದಳು."

"ಹೌದಂತೆ," ಎಂದೆ.

"ಅವು ಒಂದು ಕಡೆ ಸುಮ್ಮನಿರಲಿ ಎಂದಿದ್ದೆ. ನಾನು ಬೇಡಿದ್ದಕ್ಕಿಂತ ಹೆಚ್ಚಾಯಿತು."

ಇನ್ನೊಂದು ಗಳಿಗೆ ನಿಂತರು. ಆಮೇಲೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲ ಕಡೆ ಅವಸರದಿಂದ ನಡೆದರು. "ಬನ್ನಿ ಬನ್ನಿ, ಹೊರಗೆ ಚಳಿ ಇದೆ. ಮರ್ಡೊ ಕೈಗವಸು ಹಾಕಿಕೊಂಡಿರುವುದಿಲ್ಲ."